ಪರನೆಲದ ಗೋಲು

ವಾರಾಂತ್ಯದಲ್ಲಿ ನೈರೋಬಿಯ ಬೀದಿಗಳಲ್ಲಿ ಹಸಿರು ಅಂಗಿಗಳು ತುಂಬಿದವೆಂದರೆ ಗೋರ್ ಮಾಹಿಯಾ ಪಂದ್ಯವಿದೆಯೆಂದೇ ಅರ್ಥ. 1968ರಲ್ಲಿ ಹುಟ್ಟಿದ ಈ ಫುಟ್‌ಬಾಲ್ ಕ್ಲಬ್ಬಿಗೆ ಲುವೋ ಜನರ ಐತಿಹ್ಯದ ಮಾಂತ್ರಿಕ ವೈದ್ಯನ ಹೆಸರು. ಎಂ.ಡಿ. ಮಾಡಿಕೊಂಡ ನನಗೆ ಈ ವೃತ್ತಿಬಾಂಧವನ ಜನಪ್ರಿಯತೆಯ ಬಗ್ಗೆ ತುಸು ಅಸೂಯೆಯಿದೆ.

ನನ್ನ ಹಿರಿಯ ರೋಗಿಯೊಬ್ಬರದು ಸದಾ 1987ರ ಮಾತು. ಆಫ್ರಿಕಾದ ಕಪ್ ವಿನ್ನರ್ಸ್ ಕಪ್ ಫೈನಲ್. ಎದುರಾಳಿ ಟ್ಯುನೀಷಿಯಾದ ಎಸ್ಪೆರಾನ್ಸ್. ಟ್ಯೂನಿಸ್‌ನಲ್ಲಿ 2–2, ಇಲ್ಲಿನ ಕಸರಾನಿ ಕ್ರೀಡಾಂಗಣದಲ್ಲಿ 1–1. ಎರಡೂ ಸಮಬಲವಾದರೂ, ಪರನೆಲದಲ್ಲಿ ಹೊಡೆದ ಗೋಲಿಗೆ ಬೆಲೆ ಹೆಚ್ಚೆಂಬ ನಿಯಮದಿಂದ ಕಪ್ ಗೋರ್ ಮಾಹಿಯಾ ಪಾಲಾಯಿತು. ಕೀನ್ಯಾದ ಬೇರಾವ ಕ್ಲಬ್ಬೂ ಆ ಎತ್ತರಕ್ಕೆ ಏರಿಲ್ಲ. ಪೀಟರ್ ಡಾವೊನ ಹೆಸರೆತ್ತಿದಾಗಲೆಲ್ಲ ಇವರ ರಕ್ತದೊತ್ತಡ ಏರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

2015ರಲ್ಲಿ ತಂಡ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಿತು. ಅಂದಿನ ಗೋಲುಗಾರ ಮೈಕೆಲ್ ಒಲುಂಗಾ ಮರುವರ್ಷವೇ ಸ್ವೀಡನ್ನಿನ ಕ್ಲಬ್ ಸೇರಿದ.

“ಒಳ್ಳೆಯವರೆಲ್ಲ ಹೀಗೆಯೇ ಹೊರಟುಬಿಡುತ್ತಾರೆ ಡಾಕ್ಟರೇ,” ಎಂದರು ಆ ಹಿರಿಯರು. ಕ್ಷಣ ಬಿಟ್ಟು ಕೇಳಿದರು: “ನಿಮ್ಮೂರಿನಲ್ಲಿ ನಿಮ್ಮ ಬಗ್ಗೆಯೂ ಹೀಗೆ ಹೇಳುತ್ತಾರೆಯೇ?”

ನಾನು ತೋಳಿನ ಪಟ್ಟಿ ಬಿಚ್ಚುತ್ತ, ಉಪ್ಪು ಕಡಿಮೆ ಮಾಡಿ ಎಂದೆ.