ನಾಲ್ಕರ ಬೆಲೆಗೆ ಐದು

ಹೊಸ ಬಡಾವಣೆಗೆ ಬಂದವರು ಹಾಲು ಎಲ್ಲಿ, ದಿನಸಿ ಎಲ್ಲಿ, ಶಾಲೆ ಎಲ್ಲಿ ಎಂದು ವಿಚಾರಿಸುತ್ತಾರೆಯೇ ಹೊರತು ಪುಸ್ತಕದಂಗಡಿ ಎಲ್ಲಿ ಎಂದು ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ. ತರಕಾರಿಗೆಂದು ಹೊರಟ ಸಂಜೆ, ದರ್ಜಿಯ ಅಂಗಡಿಯ ಪಕ್ಕದಲ್ಲಿ ಅದು ತಾನಾಗಿಯೇ ಕಣ್ಣಿಗೆ ಬಿದ್ದಿತು: ಒಂದೇ ಕೋಣೆ, ಸೂರು ಮುಟ್ಟುವ ಪುಸ್ತಕಗಳು, ಪ್ರತಿಯೊಂದಕ್ಕೂ ಶೇಕಡಾ 20 ರಿಯಾಯಿತಿ.

ಕಂಡೊಡನೆ ಮುಂಬಯಿಯ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ನೆನಪಾಯಿತು. 1948ರಲ್ಲಿ ಟಿ. ಎನ್. ಶಾನಭಾಗರು ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದಲ್ಲಿ ತೆರೆದ ಆ ಪುಟ್ಟ ಮಳಿಗೆ, ಮುಂದೆ ಫೋರ್ಟಿಗೆ ಬಂದು, ಇಂಥದೇ ರಿಯಾಯಿತಿಯಿಂದ ಮನೆಮಾತಾಯಿತು. ಬೆಂಗಳೂರಿನಲ್ಲಿಯೂ ಅದರ ಶಾಖೆಯಿದ್ದಿತು. ಪುಸ್ತಕ ಮಾರಿದ ಆ ಹಿರಿಯರಿಗೆ 2003ರಲ್ಲಿ ಪದ್ಮಶ್ರೀ ಸಂದಿತು. 2009ರಲ್ಲಿ ಅವರು ತೀರಿಕೊಂಡರು. 2018ರಲ್ಲಿ ಮುಂಬಯಿಯ ಅಂಗಡಿಯೂ ಬಾಗಿಲು ಮುಚ್ಚಿತು.

ಶೇಕಡಾ 20 ಎಂದರೆ ಸಂಸಾರಸ್ಥರ ಲೆಕ್ಕದಲ್ಲಿ ನಾಲ್ಕರ ಬೆಲೆಗೆ ಐದು ಪುಸ್ತಕ. ಆ ಐದನೆಯದು ಮನೆಯ ಮಗುವಿನದು. ಅದನ್ನು ಕೊಡುವವನು ತನ್ನ ಲಾಭದಲ್ಲಿಯೇ ಕಳೆದು ಕೊಡುತ್ತಾನೆ. ಪುಟ ತಿರುವಿ, ಬೆಲೆ ಹೋಲಿಸಿ, ಹೊಗಳಿ ಹಿಂದಿರುಗುವ ಗಿರಾಕಿಗಳಿಂದ ಯಾವ ಅಂಗಡಿಯೂ ಬಾಳದು.

ಅಂದು ನಮ್ಮ ಚೀಲದಲ್ಲಿ ಬದನೆಕಾಯಿಯ ಮೇಲೆ ಎರಡು ಪುಸ್ತಕಗಳಿದ್ದವು. ನಿಮ್ಮ ಬೀದಿಯಲ್ಲಿಯೂ ಅಂಥದೊಂದು ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ಬನ್ನಿ. ಬರಿಗೈಯಲ್ಲಿ ಮಾತ್ರ ಬರಬೇಡಿ.