ಅಚ್ಚಿಲ್ಲದೆ ಆಕಾರ ಪಡೆಯುವ ಜೆಲ್ಲಿ

ಔಷಧ ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲಿನ ಚಿಪ್ಪು ಸಾಮಾನ್ಯವಾಗಿ ಜಿಲೆಟಿನ್‌ನದು. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಈ ವಸ್ತು ಬಿಸಿನೀರಿನಲ್ಲಿ ಕರಗುತ್ತದೆ, ತಣಿದರೆ ಹೆಪ್ಪುಗಟ್ಟುತ್ತದೆ. ಕಾರ್ಖಾನೆಯಲ್ಲಿ ಉಕ್ಕಿನ ಕಡ್ಡಿಗಳನ್ನು ಅದರ ದ್ರಾವಣದಲ್ಲಿ ಅದ್ದಿ ತೆಗೆದು ಚಿಪ್ಪು ಮಾಡುತ್ತಾರೆ. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಚಿಪ್ಪು ಬೇಕೆಂದರೆ? ಅಷ್ಟು ಸಣ್ಣ ಕಡ್ಡಿ ಎಲ್ಲಿಂದ ತರುವುದು?

ಕಡ್ಡಿಯೇ ಬೇಡ, ಒಂದು ಹನಿ ಸಾಕು ಎಂದು ಜಪಾನಿನ ಮಿಹೊ ಯನಗಿಸಾವ ಮತ್ತು ಸಂಗಡಿಗರು ತೋರಿಸಿದರು. ಅವರ ವರದಿ 2014ರಲ್ಲಿ ಅಮೆರಿಕದ 'ಪಿಎನ್‌ಎಎಸ್' ಪತ್ರಿಕೆಯಲ್ಲಿ ಬಂತು.

ಜಿಲೆಟಿನ್ ಜತೆಗೆ ಪಾಲಿಎಥಿಲೀನ್ ಗ್ಲೈಕಾಲ್ ಅಂದರೆ ಪೆಗ್ ಅನ್ನು ನೀರಿನಲ್ಲಿ ಕರಗಿಸಿ, ಆ ದ್ರಾವಣವನ್ನು ಎಣ್ಣೆಯೊಳಗೆ ಸೂಕ್ಷ್ಮ ಹನಿಗಳಾಗಿಸಿದರು. ಪೆಗ್ ನಮಗೆ ಹೊಸದಲ್ಲ, ಮುಲಾಮುಗಳಲ್ಲಿ ಇರುತ್ತದೆ. ಪ್ರತಿ ಹನಿಯ ಸುತ್ತ ಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತುವಿನ ತೆಳು ಪೊರೆ. ಆಮೇಲೆ ತಣಿಸಿದರು.

ತಣಿಯುವಾಗ ಹನಿಯೊಳಗೆ ಪೈಪೋಟಿ ಶುರುವಾಗುತ್ತದೆ. ಜಿಲೆಟಿನ್ ಮತ್ತು ಪೆಗ್, ಎರಡೂ ನೀರಿನಲ್ಲೇ ಇದ್ದರೂ, ಎಣ್ಣೆ ನೀರಿನಂತೆ ಬೇರೆಯಾಗತೊಡಗುತ್ತವೆ. ಬೇರೆಯಾದ ಜಿಲೆಟಿನ್ ಭಾಗ ಪೊರೆಗೆ ಅಂಟಬೇಕೋ ಬೇಡವೋ ಎಂಬುದು ಪೊರೆಯ ಗುಣದ ಮೇಲೆ ನಿಂತಿದೆ. ತೊಳೆದ ಗಾಜಿನ ಮೇಲೆ ನೀರು ಹರಡುತ್ತದೆ, ಕೆಸುವಿನ ಎಲೆಯ ಮೇಲೆ ಮುತ್ತಾಗಿ ಉರುಳುತ್ತದೆ, ಹಾಗೆಯೇ. ಇಷ್ಟರಲ್ಲಿ ಜಿಲೆಟಿನ್ ಹೆಪ್ಪುಗಟ್ಟಿತೋ, ಅಲ್ಲಿಗೆ ಆಟ ನಿಂತಿತು.

ಪಿಇ ಎಂಬ ಲಿಪಿಡ್ ಪೊರೆಯಿದ್ದಾಗ ಜಿಲೆಟಿನ್ ಒಳಗೋಡೆಗೆ ಪೂರ್ತಿ ಹರಡಿ, ನಡುವೆ ಪೆಗ್ ಉಳಿದು, ಪೊಳ್ಳು ಗೋಲಿಯಾಯಿತು. ಪಿಸಿ ಎಂಬ ಇನ್ನೊಂದು ಲಿಪಿಡ್ ಬಳಸಿದಾಗ ಅರೆಬರೆ ಅಂಟಿ ಅರ್ಧಗೋಳವಾಯಿತು. ಅದೂ ಚಿಕ್ಕ ಹನಿಗಳಲ್ಲಿ ಮಾತ್ರ! ದೊಡ್ಡ ಹನಿಗಳಲ್ಲಿ ಬೇರ್ಪಡುವ ಕೆಲಸ ಮುಗಿಯಲೇ ಇಲ್ಲ. ಸಾಮಗ್ರಿ ಒಂದೇ, ಹನಿಯ ಗಾತ್ರ ಬದಲಾದರೆ ಫಲವೇ ಬೇರೆ. ಇಡೀ ಪ್ರಯೋಗದಲ್ಲಿ ಸ್ವಾರಸ್ಯದ ಸಂಗತಿ ಇದೇ.

ಇನ್ನೂ ತಣಿಸಿದಾಗ ಚಿಕ್ಕ ಪಿಸಿ ಹನಿಗಳಲ್ಲಿ ಜಿಲೆಟಿನ್ ಮೈ ಕುಗ್ಗಿಸಿಕೊಂಡು ಆಕಾರ ಬದಲಿಸಿತು. ಜಿಲೆಟಿನ್ ಹೆಚ್ಚು ಹಾಕಿದಷ್ಟೂ ಜೆಲ್ ಗಟ್ಟಿಯಾಗಿ, ಈ ಬದಲಾವಣೆಗೆ ಹನಿ ಇನ್ನಷ್ಟು ಚಿಕ್ಕದಿರಬೇಕಾಯಿತು. ಕಾಯಿಸುವ ಹೊತ್ತು, ಬೆರಕೆಯ ಪ್ರಮಾಣ ಬದಲಿಸಿ ನಡುದಾರಿಯಲ್ಲೇ ಹೆಪ್ಪುಗಟ್ಟಿಸಿದರೆ ಬಿಲ್ಲೆ, ನಕ್ಷತ್ರದ ಆಕಾರಗಳೂ ಸಿಕ್ಕವು.

ಇಂಥ ಚಿಪ್ಪುಗಳಲ್ಲಿ ಔಷಧಿ ತುಂಬಿ ದೇಹದೊಳಗೆ ಕಳಿಸುವ ಆಸೆ ಎಲ್ಲರಿಗೂ ಉಂಟು. ಆದರೆ ಬರೀ ಜಿಲೆಟಿನ್ ಜೆಲ್ ಮೈಯ ಬಿಸಿಗೇ ಕರಗುತ್ತದೆ. ಬೇಗ ಕರಗದೆ ಉಳಿಯಬೇಕಾದರೆ ಅದರ ಎಳೆಗಳನ್ನು ರಾಸಾಯನಿಕದಿಂದ ಒಂದಕ್ಕೊಂದು ಬೆಸೆಯಬೇಕಾಗುತ್ತದೆ.