ದಿವಂಗತ ಶಾಂತವೇರಿ ಗೋಪಾಲಗೌಡರು

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎದ್ದ ವಿವಾದವು ಮೊದಲಿಗೆ ಒಂದು ಕೊಳಗದ ವಿಷಯವಾಗಿದ್ದಿತು. ಗೇಣಿಯ ಭತ್ತವನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗವು ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದೇ ರೈತರ ಮೊರೆ. ಆ ಮೊರೆಯು ಸತ್ಯಾಗ್ರಹವಾಗಿ, ಉಳುವವನಿಗೇ ಭೂಮಿ ಸಲ್ಲಬೇಕೆಂಬ ವಾದವಾಗಿ ಬೆಳೆದಾಗ ಅದರ ಮುಂದಾಳುಗಳಲ್ಲಿ ಸಮಾಜವಾದಿಗಳಾದ ಶ್ರೀ ಗೋಪಾಲಗೌಡರೂ ಒಬ್ಬರು.

1952ರಲ್ಲಿ ಸಾಗರ-ಹೊಸನಗರದ ಜನರು ಅವರನ್ನು ಮೈಸೂರು ಶಾಸನಸಭೆಗೆ ಆರಿಸಿ ಕಳುಹಿಸಿದರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಗೇಣಿದಾರರ ಹಕ್ಕಿಗಾಗಿಯೂ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಗಾಗಿಯೂ ಅವರು ವಿರೋಧಪಕ್ಷದ ಪೀಠದಿಂದಲೇ ಬಿಡದೆ ವಾದಿಸಿದರು. ಮಂತ್ರಿಪದವಿಯ ಹತ್ತಿರ ಸುಳಿದವರಲ್ಲ. ಬರಿಯ ಮಾಜಿ ಶಾಸಕರೆಂದು ಅವರನ್ನು ಕರೆಯಲು ನಮಗೆ ಮನಸ್ಸಾಗದು.

1972ರ ಜೂನ್ 9ರಂದು, ಐವತ್ತು ತುಂಬುವ ಮುನ್ನವೇ, ಗೌಡರು ತೀರಿಕೊಂಡರು. ಕರ್ನಾಟಕವೆಂಬ ಹೆಸರು 1973ರಲ್ಲಿ ಬಂದಿತು. ಗೇಣಿದಾರನನ್ನು ಭೂಮಾಲಿಕನನ್ನಾಗಿ ಮಾಡುವ ಶಾಸನವು 1974ರಲ್ಲಿ ಜಾರಿಯಾಯಿತು. ಎರಡನ್ನೂ ಅವರು ಕಾಣಲಿಲ್ಲ.